ಹೆಸರಿಲ್ಲದ ಗುಂಡಿ

ಫ್ಯಾನಿನ ಒಂದು ರೆಕ್ಕೆ ಎಲ್ಲಿಗೋ ತಗಲುತ್ತಿದೆ, ಟಕ್, ಟಕ್, ಸುತ್ತಿಗೊಂದು ಸಲ, ಮಂಡ್ಯದ ನಡುಮಧ್ಯೆ ಇಷ್ಟು ದೊಡ್ಡ ಆಫೀಸು, ಒಂದು ಫ್ಯಾನು ರಿಪೇರಿ ಮಾಡಿಸಲಾಗದ ಟ್ರಸ್ಟಿನವರು ಅಂಗವಿಕಲರನ್ನು ಉದ್ಧಾರ ಮಾಡುತ್ತಾರಂತೆ ಅಂದುಕೊಂಡಳು ಇಂದ್ರಮ್ಮ, ಎಡಗೈಯಲ್ಲಿ ಫೋನು, ಬಲಗೈಯ ತೋರುಬೆರಳು ಗಾಜಿನ ಮೇಲೆ, ಸುತ್ತಲೂ ಕಮಿಟಿಯವರ ಕುರ್ಚಿಗಳು ಕಿರುಗುಟ್ಟುತ್ತಿವೆ, ಯಾರದೋ ನಶ್ಯದ ವಾಸನೆ, ಎದುರಿಗೆ ಕಾರ್ಯದರ್ಶಿ ವರದರಾಜ ಗಂಟಲು ಸರಿಮಾಡಿಕೊಂಡರು, ನೋಡಿ ಇಂದ್ರಮ್ಮ, ಯಾರನ್ನೂ ಏನೂ ಕೇಳದೆ ಅರ್ಜಿಯನ್ನ ನೀವೇ ತುಂಬಿ ಕಳಿಸಿದ್ರೆ ಇವತ್ತಿಂದಲೇ ಹೊಸ ವೆಬ್‌ಸೈಟು, ಆಗಲಿಲ್ವೋ, ಹಳೇದೇ ಇರಲಿ, ನಿಮ್ಮಂಥೋರಿಗೆ ಯಾರಾದ್ರೂ ತುಂಬಿ ಕೊಡ್ತಾರೆ. ನಿಮ್ಮಂಥೋರಿಗೆ — ಉರಿ ನೆತ್ತಿಗೇರಿತು, ನುಂಗಿದಳು, ಇವತ್ತು ಬಾಯಿ ಬೇಡ, ಬೆರಳು ಸಾಕು. ಪಕ್ಕದಲ್ಲಿ ದೀಪಿಕ ಉಸಿರು ಬಿಗಿಹಿಡಿದು ಕೂತಿದ್ದಾಳೆ, ಈ ವೆಬ್‌ಸೈಟನ್ನು ಮೂರು ತಿಂಗಳಿಂದ ಬಿಚ್ಚಿ ಕಟ್ಟಿದ ಹುಡುಗಿ, ಅವಳೂ ಅರ್ಜಿಯ ಬಗ್ಗೆ ಒಂದು ಮಾತು ಹೇಳಿಕೊಡುವ ಹಾಗಿಲ್ಲ. ಬೆರಳು ಬಲಕ್ಕೆ ಸರಿಯಿತು, ಫೋನು ಗಟ್ಟಿಯಾಗಿ ಹೇಳಿತು, ನಿಮ್ಮ ಹೆಸರು, ಬರೆಯುವ ಜಾಗ. ಅಬ್ಬಾ, ಮೊದಲು ಇದೇ ಪುಟ ಬರೆಯುವ ಜಾಗ, ಬರೆಯುವ ಜಾಗ, ಬರೆಯುವ ಜಾಗ ಎಂದು ಹನ್ನೊಂದು ಸಲ ಒದರಿ ಸುಮ್ಮನಾಗುತ್ತಿತ್ತು, ಹೊಳಲಿನ ಶಾಲೆಯಲ್ಲಿ ಏಳನೇ ಕ್ಲಾಸು ಪಾಸಾದವಳಿಗೆ ಬರೆಯಲು ಬರುತ್ತದೆ, ಪ್ರಶ್ನೆಯನ್ನೇ ಕೊಡದ ಪರೀಕ್ಷೆಗೆ ಏನು ಬರೆಯುವುದು, ಕೊನೆಯಲ್ಲಿ ಬೇರೆ, ನೀವು ಮನುಷ್ಯರೆಂದು ತೋರಿಸಲು ಚಿತ್ರದಲ್ಲಿರುವ ಅಕ್ಷರಗಳನ್ನು ಬರೆಯಿರಿ, ಕಣ್ಣಿಲ್ಲದವಳು ಮನುಷ್ಯಳೇ ಅಲ್ಲ ಎಂದು ಟ್ರಸ್ಟಿನವರೇ ತೀರ್ಮಾನ ಮಾಡಿಟ್ಟಿದ್ದರು, ದೀಪಿಕ ಅದನ್ನು ಬೇರುಸಹಿತ ಕಿತ್ತಳು, ಈಗ ಬೆರಳಿಟ್ಟ ಅಕ್ಷರವನ್ನೆಲ್ಲ ಫೋನು ಕೂಗಿ ಹೇಳುತ್ತಿದೆ, ಅವಳು ಒತ್ತುತ್ತಿದ್ದಾಳೆ, ಇಂದ್ರಮ್ಮ, ಚಿಕ್ಕರಸಿನಕೆರೆ, ವಯಸ್ಸು ನಲವತ್ತೊಂಬತ್ತು.

ಬೇಕಾದ ಸಾಧನ, ಒಂದನ್ನು ಆರಿಸಿ, ಗಾಲಿ ಕುರ್ಚಿ, ಗುರುತು ಹಾಕಿಲ್ಲ — ಗಾಲಿ ಕುರ್ಚಿ! ಹೋದ ವರ್ಷದ ಚಪ್ಪಾಳೆ ಕಿವಿಗೆ ಬಂತು. ಊರಿನ ಬಸ್ ಸ್ಟಾಪಿನ ಪಕ್ಕ ಅವಳ ಬೆಲ್ಲದಂಗಡಿ, ಅಚ್ಚನ್ನು ಮೂಸಿಯೇ ಯಾವ ಆಲೆಮನೆಯದು ಎಂದು ಹೇಳುವವಳು, ತಕ್ಕಡಿಯ ಅಂಕಿಗೆ ಮಾತ್ರ ಗಿರಾಕಿಯನ್ನೇ ಕೇಳಬೇಕು, ಎಷ್ಟ್ ತೋರುಸ್ತದೇ ಸಣ್ಣತಾಯಮ್ಮ, ಸರ್ಯಾಗ್ ಒಂದ್ ಕೇಜಿ ಕಣಕ್ಕ, ಕೈಗೆ ಒಂದೂಕಾಲು ತೂಗುತ್ತಿರುತ್ತದೆ, ನಿನ್ ಕೇಜಿ ಬಸ್ರಿ ಕಣೇ, ಎಂದು ಬೈದು ಕೊಟ್ಟಾಯಿತು, ಎಷ್ಟು ದಿನ ಹೀಗೆ ಬೈದು ಕೊಡುವುದು. ತೂಕವನ್ನು ಬಾಯಿಬಿಟ್ಟು ಹೇಳುವ ತಕ್ಕಡಿ ಟ್ರಸ್ಟಿನಲ್ಲಿ ಸಿಗುತ್ತದೆಂದು ಕೇಳಿ ಮದ್ದೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದಳು, ಅಂಗಡಿಯವನು ಪಕ್ಕದ ಚೌಕ ಒತ್ತಿದ, ಬಂದದ್ದು ಗಾಲಿ ಕುರ್ಚಿ. ನನ್ ಕಾಲು ಕಲ್ಲುಕಂಬ ಇದ್ದಂಗವೆ ಸ್ವಾಮಿ, ಅಂದಳು, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಲ್ಲಾ, ಅತಿಥಿಗಳು ಕಾಯ್ತಿದಾರೆ, ಒಂದು ಫೋಟೋಗೆ ಕೂತು ಎದ್ದುಬಿಡಿ, ಅಂದವರು ಇದೇ ವರದರಾಜ. ಕೂರಿಸಿದರು, ಹಾರ ಹಾಕಿದರು, ಚಪ್ಪಾಳೆ. ಆಮೇಲೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಆ ಕುರ್ಚಿಯನ್ನೇ ಮುಂದೆ ತಳ್ಳಿಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದಳು, ಜನ ದಾರಿ ಬಿಟ್ಟರು, ಕುರ್ಚಿಯಿಂದ ಆದ ಉಪಕಾರ ಅಷ್ಟೇ. ಬೆರಳು ಸರಿಯಿತು, ಶ್ರವಣ ಸಾಧನ, ಬಿಳಿ ಕೋಲು, ಮಾತಾಡುವ ತಕ್ಕಡಿ, ಎರಡು ಸಲ ತಟ್ಟಿದಳು, ಮಾತಾಡುವ ತಕ್ಕಡಿ, ಗುರುತು ಹಾಕಿದೆ. ಹಾಕಿದವಳು ನಾನೇ.

ಮುಂದೆ, ಚಿತ್ರ. ಆ ಫೋಟೋವನ್ನು ಅರ್ಜಿಯ ಪುಟಕ್ಕೂ ಅಂಟಿಸಿಕೊಂಡಿದ್ದಾರೆ ಪುಣ್ಯಾತ್ಮರು, ಇಂದ್ರಮ್ಮ ಬೇಕೆಂದೇ ದನಿ ಇನ್ನಷ್ಟು ಏರಿಸಿದಳು, ಫೋನು ಯಾವ ದಾಕ್ಷಿಣ್ಯವೂ ಇಲ್ಲದೆ ಓದಿತು, ಚಿತ್ರ, ಹಾರ ಹಾಕಿಸಿಕೊಂಡು ಗಾಲಿ ಕುರ್ಚಿಯಲ್ಲಿ ಕುಳಿತಿರುವ ಇಂದ್ರಮ್ಮ, ಅವರ ಕಾಲುಗಳು ಚೆನ್ನಾಗಿವೆ, ಅವರು ಕೇಳಿದ್ದು ಮಾತಾಡುವ ತಕ್ಕಡಿ. ಯಾರೋ ಕಿಸಕ್ಕೆಂದರು, ನಶ್ಯದವರು ಸೀನಿದರು, ಇದನ್ನ ಬರೆದವರು ಯಾರಮ್ಮ, ವರದರಾಜರ ದನಿ ಒಣಗಿತ್ತು, ಚಿತ್ರದಲ್ಲಿ ಏನಿದೆಯೋ ಅದನ್ನ ಇದ್ದಂಗೇ ಬರೀಬೇಕು ಸಾರ್, ನಿಯಮ ಅದು, ಅಂದಳು ದೀಪಿಕ, ಭಲೆ ಹುಡುಗಿ. ಮೂರು ತಿಂಗಳ ಹಿಂದೆ ಇದೇ ಮೇಜನ್ನು ಗುದ್ದಿ ಕೂಗಾಡಿದ್ದಳು ಇಂದ್ರಮ್ಮ, ನಂಗ್ ಕಣ್ಣಿಲ್ಲ, ಸರಿ, ನಿಮ್ ವೆಬ್‌ಸೈಟ್‌ಗೆ ಬಾಯೂ ಇಲ್ವಾ, ಎಲ್ಲರೂ ಸಮಾಧಾನ ಸಮಾಧಾನ ಎನ್ನುತ್ತಿದ್ದರು, ದೀಪಿಕ ಒಬ್ಬಳು ಮಾತ್ರ ಎಲ್ಲಿ ತಡೀತು ತೋರ್ಸಿ ಇಂದ್ರಕ್ಕ ಎಂದು ಕುರ್ಚಿ ಹತ್ತಿರ ಎಳೆದುಕೊಂಡಳು. ಎಲ್ಲಿ ತಡೀತೆಂದರೆ ಕಟ್ಟಕಡೆಯಲ್ಲಿ, ಫೋನು ಹೇಳುತ್ತದೆ, ಹೆಸರಿಲ್ಲದ ಗುಂಡಿ. ಅದು ಒತ್ತೋ ಗುಂಡಿ ಕಣಕ್ಕ, ಬಾಣದ ಚಿತ್ರ ಇಟ್ಟು ಹೆಸರು ಬರೆಯೋದ್ ಮರ್ತವ್ರೆ, ಒತ್ತುದ್ರೆ ಅರ್ಜಿ ಓಯ್ತದೆ, ಅಂದಳು ದೀಪಿಕ. ಹೆಸ್ರಿಲ್ಲದ್ ಗುಂಡಿಗೆ ಇನ್ನೊಂದ್ ಸಲ ಇಳಿಯಕಿಲ್ಲ ಕಣವ್ವ, ಒಂದ್ಸಲ ಬಿದ್ದಿವ್ನಿ — ಮಳವಳ್ಳಿಯ ಪೇಟೆಬೀದಿ, ಕಣ್ಣು ಪೂರ್ತಿ ಆರಿದ ವರ್ಷ, ಪೈಪು ಹೂಳಲು ಯಾರೋ ತೋಡಿಬಿಟ್ಟ ಗುಂಡಿ, ಸುತ್ತ ಒಂದು ಹಗ್ಗವಿಲ್ಲ, ಒಂದು ಕಲ್ಲಿಲ್ಲ, ಕಾಲಡಿಯ ನೆಲ ಇದ್ದಕ್ಕಿದ್ದಂತೆ ಇಲ್ಲ, ಅಯ್ಯೋ ಕುರುಡಿ ಬಿದ್ಲು, ಕೈ ಹಿಡಿದು ಎಳೆದರು, ಚಪ್ಪಲಿ ಒಂದು ಅಲ್ಲೇ ಉಳಿಯಿತು, ನೀಲಿ ಪಟ್ಟಿಯ ಚಪ್ಪಲಿ, ಅಂಗಡಿಯಲ್ಲಿ ಹತ್ತು ಜೊತೆ ತೆಗೆಸಿ ಅವಳ ಕಣ್ಣು ಕಡೆಯದಾಗಿ ಆರಿಸಿದ ಬಣ್ಣ, ನನ್ ಚಪ್ಲಿ, ನನ್ ಚಪ್ಲಿ, ಹೋಗ್ಲಿ ಬುಡಮ್ಮೋ ಜೀವ ಉಳೀತಲ್ಲ, ಯಾರೂ ಇಳಿಯಲಿಲ್ಲ. ಆ ಗುಂಡಿಯ ತಳವನ್ನು ಅವಳು ನೋಡಿದವಳಲ್ಲ, ಆದರೂ ಕಾಣುತ್ತದೆ, ಕೆಸರು, ಕೆಸರಿನಲ್ಲಿ ನೀಲಿ ಪಟ್ಟಿ.

ಮೊಬೈಲ್ ಸಂಖ್ಯೆ, ಒತ್ತಿದಳು, ತಪ್ಪು, ಒಂದು ಅಂಕಿ ಕಡಿಮೆ ಇದೆ, ಅಂದಿತು ಫೋನು, ಕೋಣೆಯಲ್ಲಿ ಕುರ್ಚಿಗಳೆಲ್ಲ ಒಮ್ಮೆ ಕಿರುಗುಟ್ಟಿದವು, ಸಿಕ್ಕಿಬಿದ್ದಳು ಅಂದುಕೊಂಡರೇನೋ, ಹಳೇ ಪುಟದಲ್ಲಿ ತಪ್ಪಾದರೆ ಆ ಜಾಗ ಬರೀ ಕೆಂಪಾಗುತ್ತಿತ್ತಂತೆ, ಕೆಂಪಾಯ್ತಲ್ಲಮ್ಮ ಎಂದಿದ್ದ ಮದ್ದೂರಿನ ಅಂಗಡಿಯವನು, ಯಾರ ಕಣ್ಣಿಗೆ ಕೆಂಪು, ಈಗ ತಪ್ಪೂ ಮಾತಾಡುತ್ತದೆ, ಹಿಂದಕ್ಕೆ ಹೋದಳು, ಬಿಟ್ಟುಹೋದ ಏಳನ್ನು ಸೇರಿಸಿದಳು, ಸರಿಯಾಗಿದೆ. ಬೆರಳು ಕೆಳಗೆ, ಇನ್ನೂ ಕೆಳಗೆ, ಗೊತ್ತು, ಇಲ್ಲೇ ಎಲ್ಲೋ ಅಂಚು, ಎದೆ ಹೊಡೆದುಕೊಂಡಿತು, ಟಕ್, ಟಕ್, ಅದು ಫ್ಯಾನೋ ಎದೆಯೋ, ಹಲ್ಲು ಕಚ್ಚಿ ಬೆರಳಿಟ್ಟಳು. ಅರ್ಜಿ ಕಳಿಸಿ, ಗುಂಡಿ. ಹೆಸರಿದೆ! ಹಗ್ಗ ಕಟ್ಟಿದ್ದಾರೆ ಸುತ್ತ, ಕಲ್ಲಿಟ್ಟಿದ್ದಾರೆ, ಹೆಸರು ಕೂಗಿ ನಿಂತಿದೆ ಗುಂಡಿ, ಎರಡು ಸಲ ತಟ್ಟಿದಳು, ಮೇಜಿಗೆ ಗುದ್ದಿದಷ್ಟೇ ಜೋರಾಗಿ. ಇಂದ್ರಮ್ಮ, ನಿಮ್ಮ ಅರ್ಜಿ ತಲುಪಿದೆ. ದೀಪಿಕ ಹೋ ಎಂದು ಅವಳ ಕುತ್ತಿಗೆಗೆ ಬಿದ್ದಳು, ಬುಡಮ್ಮಿ ಉಸ್ರು ಕಟ್ತದೆ, ಕಮಿಟಿಯವರು ಚಪ್ಪಾಳೆ ಹೊಡೆಯುತ್ತಿದ್ದಾರೆ, ಈ ಸಲ ಕೂತಲ್ಲ, ಯಾವಾಗ ಎದ್ದಳೋ, ತನ್ನೆರಡು ಕಾಲಿನ ಮೇಲೆ ನಿಂತಿದ್ದಾಳೆ, ಹಂಗಾದ್ರೆ ಇವತ್ತಿಂದಲೇ ಹೊಸದು ಇಂದ್ರಮ್ಮ, ಎನ್ನುತ್ತಿದ್ದಾರೆ ವರದರಾಜ, ಅವಳಿಗೆ ಕಾಣುತ್ತಿದೆ, ಮಳವಳ್ಳಿಯ ಬೀದಿ, ಬಿಸಿಲು, ತಳದಲ್ಲಲ್ಲ, ಗುಂಡಿಯ ದಡದ ಮೇಲೆ, ಕೆಸರು ಒಣಗಿ ಉದುರಿದ, ರಸ್ತೆಯ ಕಡೆ ಮುಖ ಮಾಡಿದ, ನೀಲಿ ಪಟ್ಟಿಯ ಒಂದು ಚಪ್ಪಲಿ.