ಎಡ ಮೊಣಕಾಲು

ಜನ ಅವರನ್ನು ಕುಂಟು ಡಾಕ್ಟರು ಅನ್ನುತ್ತಿದ್ದರು. ಅವರ ಕಾಲಿಗೆ ಏನೂ ಆಗಿರಲಿಲ್ಲ. ಕುಂಟುವ ಪ್ರಾಣಿಗಳನ್ನು ನೋಡುವುದರಲ್ಲಿ ಅವರ ಕಣ್ಣು ಅಷ್ಟು ಪಳಗಿತ್ತು. ಲಾಯದ ಬಾಗಿಲಲ್ಲೇ ನಿಂತು, "ಹಿಂದಿನ ಬಲಗಾಲು. ತೊಂದರೆ ಗೊರಸಲ್ಲಿಲ್ಲ, ಮೇಲೆ ಸೊಂಟದ ಹತ್ತಿರ ಇದೆ" ಅಂದುಬಿಡುತ್ತಿದ್ದರು. ಪ್ರಾಣಿಗಳ ಆಸ್ಪತ್ರೆಗೆ ಹೊಸದಾಗಿ ಬಂದವರು "ಕುಂಟು ಡಾಕ್ಟರು ಎಲ್ಲಿ?" ಎಂದು ಅವರನ್ನೇ ಕೇಳಿ, ಆಮೇಲೆ ಅವರ ಕಾಲು ನೋಡಿ ಪೆಚ್ಚಾಗುತ್ತಿದ್ದರು. ಆ ಅಡ್ಡಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ.

ಮೊಮ್ಮಗಳು ಚೂಟಿ ಅಂಬೆಗಾಲಿಡಲು ಶುರು ಮಾಡಿದಾಗ ಅವರ ಉತ್ಸಾಹ ಹೇಳತೀರದು. ಒಂದು ಭಾನುವಾರ ನೆಂಟರೆಲ್ಲ ಬಂದಿದ್ದರು. ಹಾಲಿನಲ್ಲಿ ಮಗುವನ್ನೂ ಮನೆಯ ನಾಯಿಯನ್ನೂ ಬಿಟ್ಟು ಡಾಕ್ಟರು ಪಾಠ ಶುರು ಮಾಡಿದರು.

"ನಾಯಿ ನಿಧಾನಕ್ಕೆ ನಡೆಯೋವಾಗ ನೋಡಿ. ಹಿಂದಿನ ಎಡಗಾಲು, ಅದರ ಬೆನ್ನಿಗೇ ಮುಂದಿನ ಎಡಗಾಲು. ಆಮೇಲೆ ಬಲಗಡೆ ಎರಡು. ನಾಲ್ಕೂ ಒಂದೊಂದಾಗಿ ನೆಲಕ್ಕೆ ಬೀಳುತ್ತೆ. ನಮ್ಮ ಚೂಟಿ ಹಾಗಲ್ಲ. ಬಲಗೈ ಜೊತೆ ಎಡ ಮೊಣಕಾಲು, ಎಡಗೈ ಜೊತೆ ಬಲ ಮೊಣಕಾಲು. ಕುದುರೆ ಕುಕ್ಕುಲೋಟದಲ್ಲಿ, ಅಂದ್ರೆ ಸಣ್ಣ ಓಟದಲ್ಲಿ, ಹೀಗೇ ಕಾಲು ಹಾಕುತ್ತೆ. ಇವಳು ಆಮೆ ವೇಗದಲ್ಲಿ ಕುದುರೆ ಓಟ ಓಡ್ತಿದ್ದಾಳೆ!"

ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ಅವಳು ಟೈಲರ್, ಎರಡು ತೋಳಿನ ನಡುವೆ ನೂಲಿನಷ್ಟು ವ್ಯತ್ಯಾಸವಿದ್ದರೂ ಬಿಚ್ಚಿ ಮತ್ತೆ ಹೊಲಿಯುವವಳು.

"ಮಾವ, ಬಲಗೈ ಜೊತೆ ಎಡ ಮೊಣಕಾಲು ಬರ್ತಿಲ್ಲ ಅನ್ಸುತ್ತೆ. ಸ್ವಲ್ಪ ತಡವಾಗಿ ಬರುತ್ತೆ. ಡೈಪರ್ ಹಾಕೋವಾಗ್ಲೂ ಆ ಕಾಲು ಅಷ್ಟು ಅಗಲ ಆಗಲ್ಲ."

"ಕುದುರೆ ಕುಂಟಿದ್ರೆ ಬೀದಿಯ ಆ ತುದಿಯಿಂದ ಹೇಳ್ತೀನಿ, ಮೊಮ್ಮಗಳು ಕುಂಟಿದ್ರೆ ಹೇಳಲ್ವೇನಮ್ಮಾ? ಮೊದಲ ಮಗು ಅಂದ್ರೆ ಹೀಗೇ, ಸೀನಿದ್ರೂ ಸಿಡಿಲು ಬಡಿದ ಹಾಗೆ!"

ನೆಂಟರು ಮತ್ತೆ ನಕ್ಕರು. ಸೊಸೆಯ ಮುಖ ಕೆಂಪಾಯಿತು. ಮಕ್ಕಳ ಡಾಕ್ಟರ ಹತ್ತಿರ ಅವಳು ಗೊತ್ತು ಮಾಡಿಕೊಂಡಿದ್ದ ಭೇಟಿಯನ್ನು ಮಗ ರದ್ದು ಮಾಡಿದ. "ಅಪ್ಪನೇ ಹೇಳಿದ್ಮೇಲೆ ಇನ್ನೇನು?" ಅಂದ.

ಕೆಲವು ವಾರ ಕಳೆಯಿತು. ಒಂದು ಸಂಜೆ ಡಾಕ್ಟರು ಸೋಫಾದ ಮೇಲೆ ಶೂ ಬಿಚ್ಚುತ್ತ ಕೂತಿದ್ದರು. ಚೂಟಿ ಅವರಿಗೆ ಬೆನ್ನು ಹಾಕಿ ಅಡುಗೆಮನೆ ಕಡೆ ಹೊರಟಿತ್ತು. ಬಲಗೈ ನೆಲಕ್ಕೆ ಬಿತ್ತು. ಎಡ ಮೊಣಕಾಲು ಬರಲಿಲ್ಲ. ಮಗುವಿನ ಸೊಂಟ ಒಂದು ಪಕ್ಕಕ್ಕೆ ವಾಲಿ ಕಾಲನ್ನು ಎಳೆದುಕೊಂಡಿತು. ಮೊಣಕಾಲು ಆಮೇಲೆ ಬಂತು. ಇನ್ನೊಂದು ಹೆಜ್ಜೆಗೂ ಅದೇ.

ಶೂ ಅವರ ಕೈಯಲ್ಲೇ ಉಳಿಯಿತು. ನಾಯಿಮರಿಯಾಗಿದ್ದರೆ ಆ ಕ್ಷಣವೇ ಮೇಜಿನ ಮೇಲೆ ಮಲಗಿಸಿ ಎಕ್ಸ್‌ರೇ ತೆಗೆಸುತ್ತಿದ್ದರು.

"ಏನ್ ಮಾವ, ಹಾಗೆ ನೋಡ್ತಿದ್ದೀರಿ?" ಸೊಸೆ ಅಡುಗೆಮನೆಯಿಂದ ಕೇಳಿದಳು.

"ಏನಿಲ್ಲಮ್ಮ. ಎಷ್ಟು ಬೇಗ ಹೋಗ್ತಾಳೆ ಅಂತ."

ಕೈ ತೊಳೆಯುವ ನೆಪದಲ್ಲಿ ಎದ್ದು ಹೋದರು. ಇನ್ನೊಂದು ವಾರ ನೋಡೋಣ ಅಂದುಕೊಂಡರು. ಆ ವಾರ ಹೋಯಿತು, ತಿಂಗಳೂ ಹೋಯಿತು. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ನೆಂಟರ ನಗು ಕಿವಿಗೆ ಬೀಳುತ್ತಿತ್ತು. ಮಗು ಅಂಬೆಗಾಲಿಟ್ಟು ಹತ್ತಿರ ಬಂದರೆ ಥಟ್ಟನೆ ಎತ್ತಿಕೊಂಡುಬಿಡುತ್ತಿದ್ದರು. "ತಾತನಿಗೆ ಇವಳನ್ನ ನೆಲಕ್ಕೆ ಬಿಡೋಕೇ ಮನಸ್ಸಿಲ್ಲ" ಎಂದು ಮಗ ತಮಾಷೆ ಮಾಡುತ್ತಿದ್ದ.

ಚೂಟಿ ತಡವಾಗಿ ನಡೆಯಲು ಕಲಿಯಿತು. ನಡೆದಾಗ ಎಡಕ್ಕೆ ವಾಲಿತು. ಸೊಸೆ ಯಾರನ್ನೂ ಕೇಳದೆ ಮೂಳೆ ಡಾಕ್ಟರ ಹತ್ತಿರ ಒಬ್ಬಳೇ ಕರೆದುಕೊಂಡು ಹೋದಳು. ವಾಪಸ್ ಬಂದು ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟಳು. ಎಡ ತೊಡೆಯ ಮೂಳೆಯ ತಲೆ ಸೊಂಟದ ಗುಳಿಯಲ್ಲಿರಲಿಲ್ಲ.

"ಆಪರೇಷನ್ ಆಗಬೇಕಂತೆ. ಅಂಬೆಗಾಲಿಡೋವಾಗ್ಲೇ ಬಂದಿದ್ರೆ ಕುಯ್ಯದೇನೇ ಕೂರಿಸಬಹುದಿತ್ತೇನೋ ಅಂದ್ರು. ಯಾರಿಗೂ ಕಾಣಲಿಲ್ವಾ ಅಂತ ಕೇಳಿದ್ರು. ನನಗೆ ಕಂಡಿತ್ತು ಅಂದೆ. ಆಮೇಲೆ ನನ್ನ ಕಣ್ಣನ್ನೇ ನಾನು ನಂಬಲಿಲ್ಲ ಅಂದೆ."

"ಅಪ್ಪನಿಗೇ ಗೊತ್ತಾಗಲಿಲ್ಲ. ನಿನ್ನ ತಪ್ಪೇನಿದೆ ಇದರಲ್ಲಿ?" ಎಂದ ಮಗ.

ಡಾಕ್ಟರು ಎಕ್ಸ್‌ರೇಯನ್ನೇ ನೋಡುತ್ತ ಕೂತರು. ಯಾರಾದರೂ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯುವವರೇ ಇರಲಿಲ್ಲ.

ಆಪರೇಷನ್ ದಿನ ಮಗುವನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮಗ ಔಷಧಿ ತರಲು ಕೆಳಗೆ ಹೋದ. ಬೆಂಚಿನ ಮೇಲೆ ಮಾವ, ಸೊಸೆ ಇಬ್ಬರೇ. ಅವಳು ಮಗುವಿನ ಪುಟ್ಟ ಫ್ರಾಕನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು.

"ನಾನು ತಾಯಿಯಾಗಿ ಇನ್ನೂ ಹಟ ಹಿಡೀಬೇಕಿತ್ತು ಮಾವ" ಅಂದಳು.

ಇನ್ನು ತಡೆಯಲು ಅವರಿಂದ ಆಗಲಿಲ್ಲ. "ನನಗೆ ಗೊತ್ತಾಗಿತ್ತಮ್ಮ."

ಅವಳು ತಿರುಗಿ ನೋಡಿದಳು. "ಏನು?"

"ಅವಳ ಕಾಲು. ಆ ಭಾನುವಾರ ನಿಜವಾಗಲೂ ಕಂಡಿರಲಿಲ್ಲ. ಆಮೇಲೆ ಒಂದು ಸಂಜೆ ಕಾಣಿಸ್ತು. ನೀನು ಅಡುಗೆಮನೆಯಿಂದ ಏನು ಅಂತ ಕೇಳಿದೆ, ನಾನು ಏನಿಲ್ಲ ಅಂದೆ."

"ಯಾಕೆ?"

"ಅಷ್ಟು ಜನರ ಮುಂದೆ ನಿನ್ನ ಬಾಯಿ ಮುಚ್ಚಿಸಿದ್ದೆನಲ್ಲ. ನೀನೇ ಸರಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಸೊಸೆ ಫ್ರಾಕನ್ನು ಎದೆಗವಚಿಕೊಂಡು ಎದ್ದು, ಆ ಕೊನೆಯ ಬೆಂಚಿಗೆ ಹೋಗಿ ಕೂತಳು. ಮಗ ಬಂದು ಇಬ್ಬರನ್ನೂ ನೋಡಿ ಏನಾಯಿತೆಂದು ಕೇಳಿದ. "ನಿಮ್ಮಪ್ಪನ್ನೇ ಕೇಳಿ" ಅಂದಳು. ಡಾಕ್ಟರು ಅವನಿಗೂ ಹೇಳಿದರು. ಅವನು ಔಷಧಿಯ ಚೀಲ ಹಿಡಿದುಕೊಂಡು ಗೋಡೆಗೆ ಒರಗಿ ನಿಂತುಬಿಟ್ಟ.

ಆಪರೇಷನ್ ಚೆನ್ನಾಗೇ ಆಯಿತು. ಎದೆಯ ಕೆಳಗಿಂದ ಕಾಲಿನವರೆಗೆ ಗಟ್ಟಿ ಪ್ಲಾಸ್ಟರ್ ಹಾಕಿದರು. ಮನೆಯಲ್ಲಿ ಮಗ ಮಾತು ಕಡಿಮೆ ಮಾಡಿದ. ಸೊಸೆ "ಊಟಕ್ಕೆ ಬನ್ನಿ" ಅನ್ನುವುದಕ್ಕಿಂತ ಹೆಚ್ಚು ಆಡಲಿಲ್ಲ. ಡಾಕ್ಟರು ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ ಮಗುವಿನ ಮಗ್ಗುಲು ಬದಲಿಸುವುದು, ಪ್ಲಾಸ್ಟರಿನ ಅಂಚು ಒರೆಸುವುದು ಎಲ್ಲ ಮಾಡಿದರು. ಅದಕ್ಕೂ ಅವಳು ಬೇಡ ಅನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಮೊದಲ ತಪಾಸಣೆಯ ದಿನ ಅವರು ಬಾಗಿಲ ಬಳಿ ನಿಂತೇ ಇದ್ದರು. ಸೊಸೆ ಕಾರಿನಿಂದ ಕರೆದಳು. "ಬನ್ನಿ ಮಾವ. ಡಾಕ್ಟರು ಹೇಳೋದು ನಿಮ್ಮ ಕಿವಿಗೂ ಬೀಳಲಿ."

ಮೂಳೆ ಡಾಕ್ಟರು ಕಾಲನ್ನು ಮಡಚಿ, ಚಾಚಿ, ಅಗಲಿಸಿ ನೋಡಿದರು. ಮೂಳೆ ಸರಿಯಾಗಿ ಕೂತಿದೆ ಅಂದರು.

"ಕುಂಟು ಉಳಿಯುತ್ತಾ?" ಕುಂಟು ಡಾಕ್ಟರು ಕೇಳಿದರು.

"ಸ್ವಲ್ಪ ಉಳಿಯಬಹುದು, ಉಳೀದೆಯೂ ಇರಬಹುದು. ಬೆಳೀತಾ ಬೆಳೀತಾ ನೋಡೋಣ."

ವಾಪಸ್ ಬರುವಾಗ ಮಗ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಚೂಟಿ ಅಮ್ಮನ ತೊಡೆಯಿಂದ ಜಾರಿ, ತಾತನ ತೋಳಿಗೆ ಒರಗಿ ನಿದ್ದೆ ಹೋಯಿತು. ಸೊಸೆ ಒಮ್ಮೆ ಆ ಕಡೆ ನೋಡಿದಳು. ಮಗುವನ್ನು ವಾಪಸ್ ಎಳೆದುಕೊಳ್ಳಲಿಲ್ಲ; ಕಿಟಕಿಯ ಗಾಜು ಏರಿಸಿ ಹೊರಗೆ ನೋಡುತ್ತ ಕೂತಳು. ಡಾಕ್ಟರು ತೋಳು ಜೋಮು ಹಿಡಿದರೂ ಮನೆ ಬರುವವರೆಗೆ ಅಲುಗಾಡಲಿಲ್ಲ.