ಲಾಂಚಿನ ಹೊಗೆ

"ಇನ್ನೊಂದೀಟು ತಿರುವಪಾ ಸಂಜು, ನನ್ನ ಜೀವ ತಡೀವಲ್ದು," ಎಂದ ಗಂಗಪ್ಪ.

ಲಾಂಚಿನ ಎಂಜಿನ್ನಿನ ಪಕ್ಕ ಬಗ್ಗಿ ಕೂತಿದ್ದ ಯರಗಟ್ಟಿಯ ಮೆಕ್ಯಾನಿಕ್ ಸಂಜು ತಲೆ ಎತ್ತದೆಯೇ ಬೈದ. "ಎಷ್ಟಂತ ತಿರುವಲಿ ಕಾಕಾ? ಪಂಪಿನ್ಯಾಗ ಡೀಸೆಲ್ ಕಮ್ಮಿ ಮಾಡಿದ್ರ ಹೊಗಿ ಕಮ್ಮಿ ಆಕ್ಕೈತಿ, ಖರೆ. ಅದರ ಜೋಡಿ ಜೋರೂ ಕಮ್ಮಿ ಆಕ್ಕೈತಿ. ಸಾಹೇಬ್ರು ಹ್ವಾದ ಕೂಡ್ಲೇ ಮತ್ತ ಏರಸೂಣು, ಸುಮ್ನ ಇರು."

ಸುಮ್ಮನಿರುವುದು ಗಂಗಪ್ಪನಿಂದ ಆಗದ ಕೆಲಸ. ಮಲಪ್ರಭೆಯ ಹಿನ್ನೀರಿನಲ್ಲಿ ಮಂದಿಯನ್ನು ದಾಟಿಸುವ ಲಾಂಚುಗಳೆಲ್ಲ ಇನ್ನು ಮೇಲೆ ಹೊಗೆ ತಪಾಸಣೆಯಲ್ಲಿ ಪಾಸಾಗಬೇಕು, ಇಲ್ಲದಿದ್ದರೆ ಪರವಾನಗಿ ರದ್ದು ಎಂದು ಕಚೇರಿಯಿಂದ ಹುಕುಂ ಬಂದ ದಿನದಿಂದ ಅವನಿಗೆ ನಿದ್ದೆ ಹತ್ತಿರಲಿಲ್ಲ. ಅವನ ಲಾಂಚಿನ ಹೊಗೆಯೇನು ಸಾಮಾನ್ಯದ್ದಲ್ಲ. ಬಿಳಿ ಅಂಗಿ ತೊಟ್ಟು ಹತ್ತಿದವನು ಆಚೆ ದಂಡೆಯಲ್ಲಿ ಇದ್ದಿಲು ಮಾರುವವನಾಗಿ ಇಳಿಯುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಹೊಗೆಯನ್ನು ತಂದುಕೊಂಡವನೂ ಅವನೇ. ಕೆಲವು ವರ್ಷದ ಹಿಂದೆ ಸಂತೆಯ ಮಂದಿ ಹೆಚ್ಚಾದಾಗ ಇದೇ ಸಂಜುವಿನ ಕೈಯಲ್ಲಿ ಪಂಪಿನ ಡೀಸೆಲ್ ಏರಿಸಿಕೊಂಡಿದ್ದ. ಅಂದಿನಿಂದ ಲಾಂಚು ಮೂಟೆ, ಮೇಕೆ, ಮದುವೆ ದಿಬ್ಬಣ ಏನು ಹೇರಿದರೂ ಎಳೆಯುತ್ತಿತ್ತು, ಹಿಂದೆ ಕರಿ ಮೋಡ ಬಿಡುತ್ತಿತ್ತು.

ಗಂಗಪ್ಪ ಎದ್ದ, ಕೂತ, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮತ್ತೆ ಸುತ್ತಿದ.

"ಒಂದ್ ಕಡೆ ಕುಂದರ್ರಿ," ಎಂದಳು ಹೆಂಡತಿ ತಾಯವ್ವ. "ನಿಮ್ಮನ್ನ ನೋಡೇ ನಂಗ ದಮ್ಮ ಬರಾಕ ಹತ್ತೇತಿ." ಅಷ್ಟು ಹೇಳುವುದರೊಳಗೆ ಅವಳಿಗೆ ಕೆಮ್ಮು ಬಂತು.

ಲಾಂಚಿನ ಹಿಂಬದಿಯಲ್ಲಿ, ಹೊಗೆ ಕೊಳವೆಯ ಮಗ್ಗುಲಲ್ಲೇ ತಾಯವ್ವನ ಜಾಗ. ಮಂದಿ ಹತ್ತುವುದು ಅಲ್ಲಿಂದಲೇ ಆದ್ದರಿಂದ ಟಿಕೇಟಿನ ಕೆಲಸ ಅಲ್ಲೇ. ನೀರಿನ ಮೇಲೆ ಅವಳ ಕೆಮ್ಮು ಇನ್ನೂ ಜೋರಾಗುತ್ತಿತ್ತು. ಥಂಡಿ ಗಾಳಿಗೆ ಹಾಗಾಗುತ್ತದೆ ಎಂದುಕೊಂಡು ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಬೈಲಹೊಂಗಲದ ಡಾಕ್ಟರು, ಒಲೆಯ ಹೊಗೆ ಕುಡಿಯುತ್ತೀಯೇನಮ್ಮ ಎಂದು ಕೇಳಿದ್ದೇ ತಡ, ಗಂಗಪ್ಪ ಊರಿಗೆ ಬಂದವನೇ ಒಲೆ ಒಡೆದು ಹಾಕಿ ಗ್ಯಾಸು ತಂದಿಟ್ಟ. ಕೆಮ್ಮು ಹೋಗಲಿಲ್ಲ. ಆಮೇಲೆ ಅವನಿಗೆ ಸಂಶಯ ಹುಟ್ಟಿತು. "ಹಿತ್ತಲದಾಗ ಕದ್ದು ಒಲಿ ಹಚ್ಚತೀ ಹೌದಲ್ಲೊ? ಗ್ಯಾಸಿನ ರೊಟ್ಟಿ ರುಚಿ ಹತ್ತೂದಿಲ್ಲ ನಿನಗ," ಎಂದು ದಿನಾ ಬೈದ. ಅವಳು ಆಣೆ ಮಾಡಿ ಮಾಡಿ ಸಾಕಾಗಿ, ಕೊನೆಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದಳು.

ಸಾಹೇಬರು ಬಂದರು. ಹೊಗೆ ಅಳೆಯುವ ಪೆಟ್ಟಿಗೆಯ ನಳಿಗೆಯನ್ನು ಕೊಳವೆಯ ಬಾಯಿಗೆ ತೂರಿಸಿ, ಎಂಜಿನ್ ಜೋರು ಮಾಡಿಸಿದರು. ಗಂಗಪ್ಪ ಉಸಿರು ಬಿಗಿಹಿಡಿದು ನಿಂತ. ಸಾಹೇಬರ ಮುಖ ಗಂಟಿಕ್ಕಲಿಲ್ಲ. "ಪರವಾಗಿಲ್ಲವಲ್ಲ. ಎಲ್ಲಿ, ಮಂದೀನ ಕೂರಿಸಿಕೊಂಡು ಒಂದು ಸುತ್ತು ಹೋಗಿಬರೋಣ," ಎಂದರು.

ದಂಡೆಯಲ್ಲಿದ್ದ ನಾಲ್ಕಾರು ಮಂದಿ ಹತ್ತಿದರು. ಲಾಂಚು ಈಯುವ ದಿನ ಹತ್ತಿರ ಬಂದ ಎಮ್ಮೆಯಂತೆ ನಿಧಾನಕ್ಕೆ ಹೊರಟಿತು. ನೀರಿನ ನಡುವೆ ಬಂದಾಗ ಗಂಗಪ್ಪನಿಗೆ ಏನೋ ತಪ್ಪಿದೆ ಅನಿಸಿತು. ಎಂಜಿನ್ನಿಗೆ ಕಿವಿಗೊಟ್ಟ, ಸರಿಯಾಗಿತ್ತು. ತಳದಲ್ಲಿ ನೀರು ಜಿನುಗುತ್ತಿದೆಯೇ ನೋಡಿದ, ಇಲ್ಲ. ಆದರೂ ಏನೋ ಇರಬೇಕಾದದ್ದು ಇಲ್ಲ. ತಿರುಗಿ ನೋಡಿದ.

ತಾಯವ್ವ ತನ್ನ ಜಾಗದಲ್ಲಿ ಕೂತು, ಮುದುಕಿ ಬಾಯವ್ವನಿಗೆ ತವರಿನ ಎಮ್ಮೆ ಕಳೆದುಹೋಗಿ ಸಿಕ್ಕ ಕಥೆ ಹೇಳುತ್ತಿದ್ದಳು. ಎಮ್ಮೆ ಹೊಲ ದಾಟಿತು, ಹಳ್ಳ ದಾಟಿತು, ಬೇರೆಯವರ ಕೊಟ್ಟಿಗೆಯಲ್ಲಿ ಸಿಕ್ಕಿತು, ಜಗಳವಾಯಿತು, ಮನೆಗೂ ಬಂತು. ಅಷ್ಟೂ ಕಥೆಯನ್ನು ಅವಳು ಎಲ್ಲೂ ನಿಲ್ಲದೆ ಹೇಳಿ ಮುಗಿಸಿ ನಕ್ಕಳು. ಅವಳ ಮಾತು ಕೆಮ್ಮಿನಲ್ಲಿ ತುಂಡಾಗದೆ ಕೊನೆ ಮುಟ್ಟಿದ್ದನ್ನು ಗಂಗಪ್ಪ ಕೇಳಿ ಯಾವ ಕಾಲವಾಗಿತ್ತೋ.

ಅವಳ ಮಗ್ಗುಲಿನ ಹೊಗೆ ಕೊಳವೆಯತ್ತ ನೋಡಿದ, ಕರಿ ಮೋಡ ಇರಲಿಲ್ಲ. ಪಂಪಿನ ಒಂದು ತಿರುಪು! ಯಾವತ್ತು ಬೇಕಾದರೂ ಇಳಿಸಬಹುದಿತ್ತು. ಅದನ್ನು ಬಿಟ್ಟು ಇವನು ಒಲೆ ಒಡೆದ, ಅವಳನ್ನು ಕಳ್ಳಿ ಮಾಡಿದ. ಚುಕ್ಕಾಣಿ ಹಿಡಿದವನು ಹಿಂದಕ್ಕೇ ನೋಡುತ್ತಿದ್ದುದರಿಂದ ಲಾಂಚು ಓರೆಯಾಯಿತು. "ಹುಷಾರಪ್ಪ," ಎಂದರು ಸಾಹೇಬರು.

ದಂಡೆಗೆ ಬಂದು, ಸಹಿ ಮಾಡಿ, ಅವರು ಜೀಪು ಹತ್ತಿ ಹೋದರು. ಅಷ್ಟರಲ್ಲಿ ಸಂತೆಯ ಮಂದಿ ನುಗ್ಗಿ ಲಾಂಚು ತುಂಬಿತ್ತು. ಸಂಜು ತಿರುಪು ತಿರುವುವ ಪಾನಾ ಹಿಡಿದು ಬಂದ. "ಆ ಕಡೆ ಸರಿ ಕಾಕಾ, ಪಂಪ ಏರಸ್ತೇನಿ."

"ಬ್ಯಾಡ."

"ಬ್ಯಾಡ ಅಂದ್ರ? ಗಾಳಿ ಎದ್ದೇತಿ ಕಾಕಾ. ಇಷ್ಟ ಮಂದೀನ ಹೇರಕೊಂಡ್ರ ನಡು ನೀರಾಗ ನಿಂದರತೈತಿ."

"ಅರ್ಧ ಮಂದೀನ ಒಯ್ತೇನಿ. ಪಾನಾ ಒಳಗಿಡು." ಗಂಗಪ್ಪ ಮಂದಿಯತ್ತ ತಿರುಗಿದ. "ಅರ್ಧ ಮಂದಿ ಇಳೀರಿ. ತಿರುಗಿ ಬಂದು ಒಯ್ತೇನಿ."

ಯಾರೂ ಕದಲಲಿಲ್ಲ. ಶೇಂಗಾ ಮೂಟೆಗಳ ಮೇಲೆ ಕೂತಿದ್ದ ವ್ಯಾಪಾರಿ ನಿಜಗುಣಪ್ಪ, "ನಿನ್ನೀಮಟ ಎಳೀತಿತ್ತಲ್ಲೊ, ಇವತ್ತೇನ ಬ್ಯಾನಿ ಬಂತದಕ?" ಎಂದ. ನಕ್ಕವರು ನಕ್ಕರು, ಬೈದವರು ಬೈದರು. ಪ್ರತಿಯೊಬ್ಬರೂ ಪಕ್ಕದವರು ಇಳಿಯಲೆಂದು ಕಾದರು.

ತಾಯವ್ವನಿಗೆ ಜಗಳವೆಂದರೆ ಆಗದು. ಟಿಕೇಟಿನ ಚೀಲವನ್ನು ಟೊಂಕಕ್ಕೆ ಸಿಕ್ಕಿಸಿ, ಸೀರೆ ಮೇಲೆತ್ತಿ, "ತಗೋರಿ, ನಾನ ಇಳೀತೇನಿ, ಒಬ್ಬರಿಗರ ಜಾಗಾ ಆಕ್ಕೈತಿ," ಎಂದು ಒಂದು ಕಾಲು ನೀರಿಗಿಟ್ಟಳು.

ಗಂಗಪ್ಪ ಧುಮುಕಿ ಮೊಣಕಾಲುದ್ದದ ನೀರಿನಲ್ಲಿ ಓಡಿಬಂದ. "ನೀ ಇಳೀಬ್ಯಾಡ!"

"ಯಾಕ್ರಿ?"

ಅವನು ಅವಳ ತೋಳು ಹಿಡಿದು ಮೇಲಕ್ಕೆ ಹತ್ತಿಸಿದ. "ನೀ ಒಬ್ಬಾಕಿ ಇಳೀಬ್ಯಾಡ ಅಂದೆ. ಕುಂದ್ರು. ಉಳಿದವರು ಇಳೀಲಿ."

ಅವನು ಅಲ್ಲಿಂದ ಕದಲಲಿಲ್ಲ, ಎರಡೂ ಕೈಯಿಂದ ಲಾಂಚಿನ ಅಂಚು ಹಿಡಿದು ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಬಾಯವ್ವ ತನ್ನ ಬುಟ್ಟಿ ಎತ್ತಿಕೊಂಡಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ನಿಜಗುಣಪ್ಪ ಗೊಣಗುತ್ತ ಮೂಟೆಗೆ ಕೈ ಹಾಕಿದ. ಏನೂ ತಿಳಿಯದ ತಾಯವ್ವ ಗಂಡನ ಮುಖ ನೋಡಿ, ಮತ್ತೆ ತನ್ನ ಜಾಗದಲ್ಲಿ ಕೂತು, ಇಳಿಯುವವರು ಜಾರದಂತೆ ಒಬ್ಬೊಬ್ಬರಿಗೂ ಕೈ ಕೊಡತೊಡಗಿದಳು.