ತುಟಿಮಾತು

"ಏಯ್ ಲಕ್ಕ! ಯಾರನ್ನ ಕೇಳಿ ಆ ಕುರ್ಚಿ ಮುಟ್ಟಿದ್ಯೋ ಬೋಳಿಮಗನೆ? ಅಮಲ್ದಾರ್ರು ಕೂರೋ ಕುರ್ಚಿ ಅದು!"

ಓಂಕಾರಮೂರ್ತಿ ಸಾಹುಕಾರರು ಕಾಫಿ ಸ್ಟೋರಿನ ಬಾಗಿಲಲ್ಲಿ ನಿಂತು ಕಿರುಚಿದರು. ನನ್ನ ತಮ್ಮ ಲಕ್ಕಯ್ಯ ಕೈ ತೆಗೆದ. ಕೂರುವ ಆಸೆಯಿಂದ ಮುಟ್ಟಿದ್ದಲ್ಲ ಅವನು. ಕೆಮ್ಮು ಒತ್ತಿ ಬಂದು ನಿಲ್ಲಲಾಗದೆ ಹಿಡಿದುಕೊಂಡಿದ್ದ. ಮೇಸ್ತ್ರಿ ಲಿಂಗಪ್ಪ ಆ ಕುರ್ಚಿಯನ್ನು ಹೊರಗೆ ಒಯ್ದು ಎರಡು ಕೊಡ ನೀರು ಸುರಿದು ಬಿಸಿಲಿಗಿಟ್ಟ. ಅದರ ಮೇಲೆ ಕೂರುವ ದೊಡ್ಡ ಮನುಷ್ಯರು ಅವತ್ತು ನೋಡಲು ಬರುತ್ತಿದ್ದುದು ಇದೇ ಲಕ್ಕನ ಮುಖವನ್ನು. ಥೂ, ಇವರ ಮಡಿಗಿಷ್ಟು.

ಬಾಳೂರು ಕಡೆಯ ಆ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವಾಗ ಮಾತಾಡುವಂತಿರಲಿಲ್ಲ. ಬಾಯಿ ಆಡಿದರೆ ಕೈ ನಿಲ್ಲುತ್ತದೆ ಅನ್ನುವುದು ಮೇಸ್ತ್ರಿಯ ಲೆಕ್ಕ. ದನಿ ಕೇಳಿದ ಸಾಲಿಗೆ ಬೆತ್ತ ಬರುತ್ತಿತ್ತು. ಹಾಗಾಗಿ ನಾವು ದನಿಯಿಲ್ಲದೆ ಮಾತಾಡುವುದನ್ನು ಕಲಿತೆವು. ಎದುರು ಗಿಡದ ಸಂದಿಯಲ್ಲಿ ತುಟಿ ಕಂಡರೆ ಸಾಕು. ಯಾರ ಮಗುವಿಗೆ ಭೇದಿ, ಮೇಸ್ತ್ರಿ ಯಾರ ಗುಡಿಸಲಿಗೆ ಹೊಕ್ಕಿದ್ದ, ಎಲ್ಲವೂ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ನಗುವುದನ್ನೂ ಹಾಗೇ ಕಲಿತಿದ್ದೆವು. ಲಕ್ಕ ನಮ್ಮೆಲ್ಲರಿಗಿಂತ ಚುರುಕು. ಅವನ ಮುಖ ನೋಡಿದರೆ ಮೂರು ಸಾಲು ಆಚೆಗಿದ್ದವರಿಗೂ ಕಥೆ ತಿಳಿಯುತ್ತಿತ್ತು.

ನಮ್ಮವ್ವ ಮುದ್ದಮ್ಮ ಬಿದ್ದದ್ದೂ ಅಂಥದೇ ಸಾಲಿನಲ್ಲಿ. ಜ್ವರದಲ್ಲಿ ಕೊಯ್ಯುತ್ತಿದ್ದವಳು ದನಿ ತೆಗೆದು "ನೀರು" ಅಂದುಬಿಟ್ಟಳು. ತುಟಿಯಲ್ಲಿ ಕೇಳಿದ್ದರೆ ಉಳಿಯುತ್ತಿದ್ದಳು. ಸಾಲು ನೋಡಲು ಬಂದಿದ್ದ ಸಾಹುಕಾರರು ಬೂಟುಗಾಲಲ್ಲಿ ಹೊಟ್ಟೆಗೆ ಒದ್ದರು. ಸಂಜೆಗೆ ಸತ್ತಳು. ಚಳಿಜ್ವರ ಎಂದು ಬರೆಸಿದರು. ಬಾಯಿ ಬಿಟ್ಟರೆ ಕೂಲಿಗಳ ಗುಡಿಸಲಿನ ಲೈನಿಗೇ ಬೆಂಕಿ ಇಡಿಸುತ್ತೇನೆ ಅಂದರು. ಲಕ್ಕನಿಗಾಗ ಎಂಟು ವರ್ಷ. ಆಮೇಲಿನ ಇಪ್ಪತ್ತು ವರ್ಷ ಯಾರೂ ಆ ಮಾತನ್ನು ದನಿ ತೆಗೆದು ಆಡಲಿಲ್ಲ. ತುಟಿಯಲ್ಲಿ ಆಡದ ದಿನವೂ ಇರಲಿಲ್ಲ.

ಲಕ್ಕನಿಗೆ ಹದಿನೆಂಟಾದಾಗ ಬೊಂಬಾಯಿಯ ಪಿಕ್ಚರ್ ಕಂಪನಿಯೊಂದು ಕಾಡಿನ ಚಿತ್ರ ತೆಗೆಯಲು ಬಂತು. ಇವನು ಪೆಟ್ಟಿಗೆ ಹೊರಲು ಹೋದ. ಆಗಿನ ಪಿಕ್ಚರಿಗೆ ಮಾತಿರಲಿಲ್ಲ. ಮುಖ ಕಿವುಚುತ್ತಿದ್ದ ಅವರ ನಟನನ್ನು ಇವನು ಮರೆಯಲ್ಲಿ ಅಣಕಿಸುತ್ತಿದ್ದುದನ್ನು ಕಂಪನಿ ಯಜಮಾನ ಕಂಡು, ಬೈಯುವ ಬದಲು ಜೊತೆಗೇ ಕರೆದೊಯ್ದ. ಅಲ್ಲಿ ಲಕ್ಕಯ್ಯ ಹೋಗಿ ಲೋಕಕಾಂತ ಆದ. ಜಾತಿ ಯಾರೂ ಕೇಳದಿರಲೆಂದು ಹೆಗಲ ಮೇಲೆ ಜನಿವಾರ ಬಂತು. ಎಂಟು ಪಿಕ್ಚರಿನಲ್ಲಿ ರಾಜಕುಮಾರ, ದೇವರು ಎಲ್ಲ ಆದ. ಒಂಬತ್ತನೆಯದನ್ನು ತಾನೇ ನಿರ್ದೇಶಿಸಿದ. ಅಷ್ಟರಲ್ಲಿ ಮಾತಾಡುವ ಪಿಕ್ಚರು ಬಂತು. ಇವನ ಮುಂದೆ ಮೈಕು ಇಟ್ಟರು.

"ತುಟಿ ಆಡ್ತು ಅಕ್ಕ, ದನಿ ಬರ್ಲಿಲ್ಲ ಕಣೆ," ಅಂದ, ವಾಪಸು ಬಂದ ದಿನ. "ಹಿಂದೆ ಮೇಸ್ತ್ರಿ ನಿಂತಂಗೆ ಆಗ್ತದೆ."

ಬರುವಾಗ ಅವನ ಬಳಿ ಇದ್ದದ್ದು ರಕ್ತ ಬೀಳುವ ಕೆಮ್ಮು, ಆ ಒಂಬತ್ತನೆಯ ಪಿಕ್ಚರಿನ ತಗಡಿನ ಡಬ್ಬ. ಅದರದ್ದು ಉಳಿದಿರುವುದು ಇದೊಂದೇ ಪ್ರತಿ ಅಂದ.

"ಸಾಯೋದ್ರೊಳಗೆ ಒಂದ್ಸಲ ನಮ್ಮ ಲೈನಿನೋರು ನೋಡ್ಬೇಕು. ಬೊಂಬಾಯ್ನೋರಿಗೆ ಇದು ಅರ್ಥ ಆಗ್ಲಿಲ್ಲ. ನಿಮ್ಗೆ ಆಗ್ತದೆ."

ಸಾಹುಕಾರರಿಗೆ ಸುದ್ದಿ ಹೋಯಿತು. ತಮ್ಮ ಆಳು ರಾಜನ ವೇಷ ಹಾಕಿದ್ದನ್ನು ನೆಂಟರಿಗೆ ತೋರಿಸಿ ನಗುವ ಆಸೆ ಅವರಿಗೆ. ಲಕ್ಕ ಅವರ ಕಾಲ ಬಳಿ ಕೂತು ಏನೋ ಕೇಳಿದ. ತುಟಿ ಮಾತ್ರ ಆಡಿತು.

"ಎಂತದೋ? ಮೂಗನಾ ನೀನು?"

ನಾನು ಅವನ ತುಟಿ ನೋಡಿ ದನಿ ಕೊಟ್ಟೆ. "ಲೈನಿನೋರೂ ನೋಡ್ಲಿ ಅಂತಾನೆ ಸಾವ್ಕಾರ್ರೇ."

"ನಮ್ ಜೊತೆ ಕೂತಾ? ಸೂಳೆಮಕ್ಳಿಗೆ ಸೊಕ್ಕು ನೋಡು!" ಎಂದು ನಕ್ಕರು. "ಪರದೆ ಹಿಂದೆ ಬಿದ್ಕೊಳ್ಳಿ. ಕೆಮ್ಮಿದ್ರೆ ಚರ್ಮ ಸುಲಿಸ್ತೀನಿ."

ಕುರ್ಚಿ ತೊಳೆದ ದಿನ ಮಧ್ಯಾಹ್ನ ಕಿಟಕಿಗಳಿಗೆ ಗೋಣಿ ತುರುಕಿ ಸ್ಟೋರನ್ನು ಕತ್ತಲು ಮಾಡಿದರು. ನಡುವೆ ಬಿಳಿ ಪಂಚೆಗಳನ್ನು ಹೊಲಿದ ಪರದೆ. ಆಚೆ ಕುರ್ಚಿಗಳು, ಅಮಲ್ದಾರರು, ಸಾಹುಕಾರರ ಮನೆಯ ಹೆಂಗಸರು. ಈಚೆ ನೆಲದ ಮೇಲೆ ಲೈನಿನ ನಾವೆಲ್ಲ. ನಮಗೆ ಚಿತ್ರ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಮೂಡಿಗೆರೆಯಿಂದ ಕರೆಸಿದ್ದ ತಯ್ಯಬ್ ಪಿಕ್ಚರ್ ತೋರಿಸುವ ಮಿಷನ್ನಿನ ಹಿಡಿ ತಿರುಗಿಸಿದ. ಪರದೆಯಲ್ಲಿ ಬರುವ ಅಕ್ಷರಗಳನ್ನು ತೋಟದ ಲೆಕ್ಕ ಬರೆಯುವ ರೈಟರ್ ಆಚೆ ಕಡೆ ಜೋರಾಗಿ ಕನ್ನಡದಲ್ಲಿ ಓದಿ ಹೇಳುತ್ತಿದ್ದ.

ನಮ್ಮ ಲಕ್ಕ ಕಿರೀಟ ಹಾಕಿಕೊಂಡು ಕುದುರೆ ಏರಿದ. ಪಕ್ಕದಲ್ಲಿದ್ದ ನಮ್ಮ ಸಾಲಿನ ರುಕ್ಮಿಣಮ್ಮ ನನ್ನ ತೊಡೆ ಚಿವುಟಿದಳು. ಆಮೇಲೆ ರಾಣಿ ಸತ್ತಳು. ತಾಯಿಯ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ರಾಜಕುಮಾರ ಆಕಾಶ ನೋಡಿದ.

"'ಹೇ ವಿಧಿಯೇ! ನಿನ್ನ ಲೀಲೆಯನ್ನು ಬಲ್ಲವರಾರು!'" ಎಂದು ರೈಟರ್ ಓದಿದ. ಆಚೆ ಕಡೆ ಯಾರೋ ಹೆಂಗಸು "ಅಯ್ಯೋ ಪಾಪ" ಅಂದಳು.

ಈಚೆ ಕಡೆ ನಮಗೆ ಕಂಡದ್ದೇ ಬೇರೆ. ಪರದೆಯ ತುಂಬ ಲಕ್ಕನ ಮುಖ. ಆ ತುಟಿಗಳು ವಿಧಿಯ ಮಾತು ಆಡುತ್ತಿರಲಿಲ್ಲ. ಹಣ್ಣಿನ ಸಾಲಿನ ಮಾತು ಆಡುತ್ತಿದ್ದವು. ಕಿರೀಟ ಹಾಕಿಕೊಂಡು, ಬೊಂಬಾಯಿಯ ದೀಪಗಳ ಮುಂದೆ, ಇವನು ನಮ್ಮವ್ವನ ಸಾವು ಹೇಳಿದ್ದ! ತಿರುಗಿ ನೋಡಿದರೆ ನಮ್ಮ ಜೊತೆಗೇ ಕೂತಿದ್ದ ಲಕ್ಕ ಪರದೆಯನ್ನು ನೋಡುತ್ತಲೇ ಇಲ್ಲ, ನಮ್ಮನ್ನು ನೋಡುತ್ತಿದ್ದ.

"ಹೇಳ್ಲಾ?" ಎಂದು ತುಟಿಯಲ್ಲಿ ಕೇಳಿದೆ.

ಅವನು ಕೈ ಎತ್ತಿ ಕೆಳಗಿಳಿಸಿದ, ಶುರು ಮಾಡು ಅನ್ನುವಂತೆ.

"ನಮ್ಮವ್ವ ಸತ್ತಿದ್ದು ಚಳಿಜ್ವರದಿಂದಲ್ಲ," ಅಂದೆ, ಪರದೆಯ ತುಟಿಗಳ ಜೊತೆಗೇ. ನನ್ನ ದನಿ ನನಗೇ ಹೊಸದು. ರುಕ್ಮಿಣಮ್ಮ ಸೇರಿದಳು. ಆಮೇಲೆ ಇಡೀ ಲೈನು ಸೇರಿತು. "ನೀರು ಕೇಳಿದ್ಲು. ಓಂಕಾರಮೂರ್ತಿ ಒದ್ದ. ಹೊಟ್ಟೆಗೆ ಒದ್ದ. ನಾವೆಲ್ಲ ನೋಡಿದ್ದೀವಿ."

"ಎಂತದ್ರೀ ಇದು ಓಂಕಾರಮೂರ್ತಿಗಳೇ?" ಅಮಲ್ದಾರರ ದನಿ.

"ಏಯ್ ಸಾಬಿ, ನಿಲ್ಸೋ ಮಿಷನ್ನು!"

"ನಿಂತ್ರೆ ಫಿಲಂ ಸುಡ್ತದೆ ಸಾವ್ಕಾರ್ರೇ!" ಎಂದು ತಯ್ಯಬ್ ಕೂಗಿಕೊಂಡ. ಲಿಂಗಪ್ಪ ಅವನನ್ನು ನೂಕಿದ. ಹಿಡಿ ನಿಂತಿತು. ಪರದೆಯ ಮೇಲೆ ಲಕ್ಕನ ಬಾಯಿ ಅರ್ಧ ತೆರೆದು ನಿಂತಿತು. ಅದರ ನಡುವೆ ಕಂದು ಕಲೆ ಎದ್ದು, ಹರಡಿ, ಮುಖವನ್ನೇ ನುಂಗಿತು. ತಯ್ಯಬ್ ಉರಿಯುವ ಸುರುಳಿಯನ್ನು ಕಿತ್ತು ಅಂಗಳಕ್ಕೆಸೆದ. ಹತ್ತು ವರ್ಷದ ಬದುಕು ಅಂಗಳದಲ್ಲಿ ಚಿಟಿಚಿಟಿ ಉರಿಯಿತು. ಲಕ್ಕ ಆ ಕಡೆ ನೋಡಲೂ ಇಲ್ಲ.

ಸಾಹುಕಾರರು ಪರದೆ ಹರಿದುಕೊಂಡು ಈಚೆ ನುಗ್ಗಿದರು. ಕೈಯಲ್ಲಿ ಬೆತ್ತ.

"ಯಾವಳೇ ಅದು? ಯಾವ ಮುಂಡೆ ಮೊದ್ಲು ಬಾಯಿ ಬಿಟ್ಟಿದ್ದು?"

ಎಲ್ಲರ ಬಾಯಿ ಮುಚ್ಚಿತು. ಹರಿದ ಬಟ್ಟೆಯ ಆಚೆ ಅಮಲ್ದಾರರು ಆ ತೊಳೆದ ಕುರ್ಚಿಯಲ್ಲೇ ಕೂತಿದ್ದರು. ಲಕ್ಕ ಗೋಡೆಗೆ ಒರಗಿ, ಕೆಮ್ಮಿ ಗಲ್ಲಕ್ಕಿಳಿದ ರಕ್ತ ಒರೆಸಿಕೊಂಡು, ನನ್ನ ಕಡೆ ತುಟಿ ಆಡಿಸಿದ.

"ಮೊದ್ಲಿಂದ, ಅಕ್ಕ. ಇನ್ನೂ ಜೋರಾಗಿ."

ಅವನ ಕೈ ಮೇಲೆದ್ದಿತು. ನಾನು ಎದ್ದು ನಿಂತು, ಮೊದಲಿನಿಂದ ಶುರು ಮಾಡಿದೆ.